ಬನಗಾಂವ್‌ನ ಎರಡು ಕೋಣೆಗಳು: 1971ರ ನಿರಾಶ್ರಿತರು ಮತ್ತು ಒಂದು ಅಗ್ಗದ ಔಷಧದ ಚರಿತ್ರೆ

1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಢಾಕಾ ನಗರದ ಮೇಲೆ ಎರಗಿದಾಗ ಆರಂಭವಾದ ಹಿಂಸೆ ಕೆಲವೇ ವಾರಗಳಲ್ಲಿ ಪೂರ್ವ ಪಾಕಿಸ್ತಾನದ ಜಿಲ್ಲೆಜಿಲ್ಲೆಗೂ ಹಬ್ಬಿ, ಅಲ್ಲಿನ ಜನರನ್ನು ತಂಡೋಪತಂಡವಾಗಿ ಭಾರತದ ಗಡಿಯ ಕಡೆಗೆ ಅಟ್ಟಿತು. ಹಿಂದಿನ ವರ್ಷದ ನವೆಂಬರಿನಲ್ಲಿ ಬೀಸಿದ ಚಂಡಮಾರುತದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿದ್ದ, ಡಿಸೆಂಬರಿನ ಚುನಾವಣೆಯಲ್ಲಿ ಶೇಖ್ ಮುಜೀಬುರ್ ರಹಮಾನರ ಅವಾಮಿ ಲೀಗಿಗೆ ನಿಚ್ಚಳ ಬಹುಮತ ಕೊಟ್ಟೂ ಅಧಿಕಾರ ಸಿಗದೆ ಕಾಯುತ್ತಿದ್ದ ಆ ನಾಡಿನಿಂದ, ಡಿಸೆಂಬರಿನ ಹೊತ್ತಿಗೆ ಭಾರತ ಸರ್ಕಾರದ ಲೆಕ್ಕದಂತೆ ಹತ್ತಿರಹತ್ತಿರ ಒಂದು ಕೋಟಿ ಜನರು ಗಡಿ ದಾಟಿ ಬಂದಿದ್ದರು. ಅವರಲ್ಲಿ ಸುಮಾರು 68 ಲಕ್ಷ ಮಂದಿ ಸರ್ಕಾರ ತೆರೆದ 825 ಶಿಬಿರಗಳಲ್ಲಿಯೂ, ಉಳಿದ 31 ಲಕ್ಷ ಮಂದಿ ಬಂಧುಗಳ ಹಾಗೂ ಪರಿಚಿತರ ಮನೆಗಳಲ್ಲಿಯೂ ತಂಗಿದರು. ಪಶ್ಚಿಮ ಬಂಗಾಳವೊಂದೇ 74 ಲಕ್ಷಕ್ಕಿಂತ ಹೆಚ್ಚು ಜನರಿಗೆ ನೆಲೆ ಕೊಟ್ಟಿತು. ಕೇವಲ ಹದಿನೈದೂವರೆ ಲಕ್ಷ ಜನಸಂಖ್ಯೆಯ ತ್ರಿಪುರಾ ತನ್ನಷ್ಟೇ ದೊಡ್ಡ ಇನ್ನೊಂದು ಜನಸಮುದಾಯವನ್ನು ತನ್ನ ಗುಡ್ಡ ಕಣಿವೆಗಳ ನಡುವೆ ಸೇರಿಸಿಕೊಂಡಿತು. ಆ ನಾಡಿನಿಂದ ಭಾರತಕ್ಕೆ ಜನರು ಓಡಿಬಂದದ್ದು ಅದೇ ಮೊದಲಲ್ಲ. ದೇಶ ವಿಭಜನೆಯ ನಂತರ ಹಲವು ಅಲೆಗಳಲ್ಲಿ ಬಂದ ಕುಟುಂಬಗಳು ದಂಡಕಾರಣ್ಯದಿಂದ ಹಿಡಿದು ರಾಯಚೂರು ಜಿಲ್ಲೆಯ ಸಿಂಧನೂರಿನವರೆಗೆ ನೆಲೆಗೊಂಡಿವೆ. ಆದರೆ ಇಷ್ಟು ಕಡಿಮೆ ಕಾಲದಲ್ಲಿ ಇಷ್ಟೊಂದು ಜನರು ಬಂದದ್ದು ಹಿಂದೆಂದೂ ಇರಲಿಲ್ಲ.

ಈ ಜನರಿಗೆ ಬೇಕಾಗಿದ್ದ ವಸ್ತುಗಳ ಪಟ್ಟಿ ಚಿಕ್ಕದೇ: ಅಕ್ಕಿ, ಬೇಳೆ, ತಲೆಯ ಮೇಲೊಂದು ತಾಡಪಾಲು, ಕುಡಿಯುವ ನೀರು, ಮತ್ತು ಕೆಲವೇ ಕೆಲವು ಔಷಧಗಳು. ಮೇ ತಿಂಗಳಲ್ಲಿ ಕೆಲವು ದಿನ ಒಂದೇ ದಿನಕ್ಕೆ ಲಕ್ಷದಷ್ಟು ಜನರು ಗಡಿ ದಾಟುತ್ತಿದ್ದುದರಿಂದ ಆ ಚಿಕ್ಕ ಪಟ್ಟಿಯನ್ನು ಪೂರೈಸುವುದೂ ಆಡಳಿತದ ಕೈಮೀರಿದ ಕೆಲಸವಾಯಿತು. ಕೋಲ್ಕತ್ತದ ಹೊರವಲಯದ ಸಾಲ್ಟ್ ಲೇಕ್ ಪ್ರದೇಶದಲ್ಲಿ, ಮುಂದೆ ನಗರದ ಹೊಸ ಬಡಾವಣೆಯಾಗಿ ಬೆಳೆದ ಬಯಲಿನಲ್ಲಿ, ಲಕ್ಷಾಂತರ ಜನರ ಶಿಬಿರ ಎದ್ದಿತು. ಶಿಬಿರಗಳಲ್ಲಿ ಜಾಗ ಸಿಗದ ಕುಟುಂಬಗಳು ರಸ್ತೆಗಳ ಬದಿಗೆ ಹಾಕಲು ತಂದಿರಿಸಿದ್ದ ಸಿಮೆಂಟಿನ ಚರಂಡಿ ಕೊಳವೆಗಳೊಳಗೆ ಸಂಸಾರ ಹೂಡಿದವು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಗಡಿ ಜಿಲ್ಲೆಗಳ ತಗ್ಗು ನೆಲ ನೀರಿನಿಂದ ತುಂಬಿ, ಶೌಚದ ಜಾಗಕ್ಕೂ ಕುಡಿಯುವ ನೀರಿನ ಬಾವಿಗೂ ನಡುವಿನ ಅಂತರವೇ ಅಳಿಸಿಹೋಯಿತು. ಅದಕ್ಕೆ ಮುನ್ನವೇ, ಮೇ ತಿಂಗಳಲ್ಲಿ, ಕಾಲರಾ ಕಾಣಿಸಿಕೊಂಡಿತ್ತು.

ಹಳೆಯ ಕನ್ನಡಿಗರು ವಾಂತಿಭೇದಿಯೆಂದು ಕರೆಯುತ್ತಿದ್ದ ಕಾಲರಾ, ಕಲುಷಿತವಾದ ನೀರು ಮತ್ತು ಆಹಾರದ ಮೂಲಕ ಹರಡುವ, ಸಣ್ಣ ಕರುಳನ್ನು ಹಿಡಿಯುವ ರೋಗ. ರೋಗಾಣುವು ಕರುಳಿನ ಗೋಡೆಯನ್ನು ಕೊರೆಯುವುದಿಲ್ಲ, ರಕ್ತಕ್ಕೂ ಇಳಿಯುವುದಿಲ್ಲ. ಅದು ಸ್ರವಿಸುವ ವಿಷವಸ್ತು ಕರುಳಿನ ಒಳಪೊರೆಯ ಜೀವಕೋಶಗಳನ್ನು ಕೆರಳಿಸಿ, ದೇಹದ ನೀರು ಮತ್ತು ಲವಣಗಳು ಹೊರಕ್ಕೆ ಹರಿಯುವಂತೆ ಮಾಡುತ್ತದೆ. ತೀವ್ರ ರೋಗದಲ್ಲಿ ವಯಸ್ಕನೊಬ್ಬನ ದೇಹದಿಂದ ಗಂಟೆಗೆ ಒಂದು ಲೀಟರಿನವರೆಗೆ ಅಕ್ಕಿಗಂಜಿಯ ತಿಳಿಯಂತಹ ನೀರು ಹೊರಟುಹೋಗಬಹುದು. ಕಣ್ಣು ಗುಳಿಬಿದ್ದು, ಚರ್ಮ ಸುಕ್ಕುಗಟ್ಟಿ, ನಾಡಿ ಕೈಗೆ ಸಿಗದಂತಾಗಿ, ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಯೊಳಗೆ ಸಾಯಬಹುದು. ಸಾವಿಗೆ ನೇರ ಕಾರಣ ರೋಗಾಣುವಲ್ಲ, ನೀರಿನ ನಷ್ಟ. ಆದ್ದರಿಂದ ಹೋದ ನೀರನ್ನೂ ಲವಣವನ್ನೂ ಅದೇ ವೇಗದಲ್ಲಿ ಮರಳಿ ತುಂಬಿಸಿದರೆ ರೋಗ ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ, ರೋಗಿ ಉಳಿಯುತ್ತಾನೆ. ಕಾಲರಾ ಚಿಕಿತ್ಸೆಯ ಚರಿತ್ರೆಯೆಲ್ಲವೂ ಈ ಸರಳ ಸಂಗತಿಯನ್ನು ಅರಿಯಲು, ಅರಿತ ಮೇಲೆ ಅದನ್ನು ನಂಬಲು ತೆಗೆದುಕೊಂಡ ಕಾಲದ ಕಥೆ.

ಆ ಕಾಲ ನೂರನಲವತ್ತು ವರ್ಷಗಳಷ್ಟು ದೀರ್ಘವಾಗಿತ್ತು. 1831–32ರಲ್ಲಿ ಬ್ರಿಟನ್ನಿಗೆ ಕಾಲರಾ ತಲುಪಿದಾಗ ವಿಲಿಯಂ ಬ್ರೂಕ್ ಓಶಾನೆಸಿ ಎಂಬ ಯುವ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣವೂ ಕುಂದಿರುವುದನ್ನು ತೋರಿಸಿದನು. ಮುಂದೆ ಕೋಲ್ಕತ್ತಕ್ಕೆ ಬಂದು ಭಾರತದ ಮೊದಲ ತಂತಿ ಮಾರ್ಗಗಳನ್ನು ಹಾಕಿಸಿದವನೂ ಈತನೇ. ಅವನ ಬರಹವನ್ನು ಓದಿದ ಸ್ಕಾಟ್ಲೆಂಡಿನ ಥಾಮಸ್ ಲ್ಯಾಟಾ 1832ರಲ್ಲಿ ಸಾಯುತ್ತಿದ್ದ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರನ್ನು ಹರಿಸಿ ಕೆಲವರನ್ನು ಬದುಕಿಸಿದನು. ಆದರೆ ನೀರನ್ನು ಶುದ್ಧಗೊಳಿಸುವ ವಿಧಾನ ಆಗಿನ್ನೂ ತಿಳಿದಿರದ ಕಾರಣ ಆ ಪ್ರಯೋಗ ಮುಂದುವರಿಯಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೋಲ್ಕತ್ತದಲ್ಲಿ ಲಿಯೊನಾರ್ಡ್ ರಾಜರ್ಸ್ ಗಾಢವಾದ ಲವಣದ್ರವವನ್ನು ರಕ್ತನಾಳದ ಮೂಲಕ ಕೊಟ್ಟು, ಆಸ್ಪತ್ರೆಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದ ಸ್ಥಿತಿಯನ್ನು ಮೂವರಲ್ಲೊಬ್ಬರ ಮಟ್ಟಕ್ಕೆ ಇಳಿಸಿದನು. ಜನರು ಸಲೈನ್ ಎಂದು ಕರೆಯುವ, ಬಾಟಲಿಯಿಂದ ಸೂಜಿಯ ಮೂಲಕ ಹನಿಹನಿಯಾಗಿ ಕೊಡುವ ಈ ಚಿಕಿತ್ಸೆ 1960ರ ದಶಕದ ಹೊತ್ತಿಗೆ ಒಳ್ಳೆಯ ಆಸ್ಪತ್ರೆಗಳಲ್ಲಿ ಕಾಲರಾ ಸಾವನ್ನು ನೂರಕ್ಕೆ ಒಂದಕ್ಕಿಂತ ಕಡಿಮೆ ಮಾಡಿತ್ತು. ಆದರೆ ಅದಕ್ಕೆ ಶುದ್ಧೀಕರಿಸಿದ ದ್ರವ, ಗಾಜಿನ ಬಾಟಲಿ, ಸೂಜಿ, ಕೊಳವೆ, ರಕ್ತನಾಳ ಹುಡುಕಬಲ್ಲ ತರಬೇತಾದ ಕೈ, ಪಕ್ಕದಲ್ಲಿ ಕಾಯುವ ದಾದಿ, ಇವೆಲ್ಲವೂ ಬೇಕು. ತೀವ್ರ ರೋಗಿಯೊಬ್ಬನಿಗೆ ಹತ್ತು ಲೀಟರಿಗೂ ಮೀರಿ ದ್ರವ ಬೇಕಾಗುವುದುಂಟು.

ಬಾಯಿಯ ಮೂಲಕವೇ ನೀರು ಕೊಡಬಾರದೇಕೆ ಎಂಬ ಪ್ರಶ್ನೆ ಹಲವರಿಗೆ ಹೊಳೆದಿತ್ತು. ಕೋಲ್ಕತ್ತದ ವೈದ್ಯ ಹೇಮೇಂದ್ರನಾಥ ಚಟರ್ಜಿ 1953ರಲ್ಲಿ, ಒಂದು ಲೀಟರ್ ನೀರಿಗೆ 4 ಗ್ರಾಂ ಉಪ್ಪು ಮತ್ತು 25 ಗ್ರಾಂ ಗ್ಲೂಕೋಸ್ ಬೆರೆಸಿದ ಪಾನೀಯದಿಂದ, ವಾಂತಿ ನಿಲ್ಲಿಸುವ ಮಾತ್ರೆಯ ನೆರವಿನೊಂದಿಗೆ, ತೀವ್ರವಲ್ಲದ ಕಾಲರಾ ಇದ್ದ 186 ರೋಗಿಗಳನ್ನು ಗುಣಪಡಿಸಿದುದನ್ನು ಲಂಡನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಹೋಲಿಕೆಗಾಗಿ ಬೇರೆ ಚಿಕಿತ್ಸೆ ಪಡೆದ ಇನ್ನೊಂದು ಗುಂಪನ್ನು ಅವರು ಇಟ್ಟುಕೊಂಡಿರಲಿಲ್ಲ. ಆ ಕೊರತೆ ನಿಜವಾದದ್ದೇ ಆದರೂ, ಬರಹವನ್ನು ಇಡೀ ವೈದ್ಯಲೋಕ ಕಡೆಗಣಿಸಿದ್ದಕ್ಕೆ ಅದೊಂದೇ ಕಾರಣವಾಗಿರಲಾರದು. ಅದೇ ನಗರದ ಶಂಭುನಾಥ ಡೇ 1959ರಲ್ಲಿ ರೋಗಾಣುಗಳನ್ನು ಸೋಸಿ ತೆಗೆದ ದ್ರವವೂ ಮೊಲದ ಕರುಳಿನಲ್ಲಿ ನೀರು ತುಂಬಿಸುತ್ತದೆಂದು ತೋರಿಸಿ, ಕಾಲರಾ ವಿಷವಸ್ತುವಿನ ಇರವನ್ನು ಸಾಬೀತುಪಡಿಸಿದರು. ಅವರಿಗೂ ತಕ್ಕ ಮನ್ನಣೆ ದೊರೆಯಲು ದಶಕಗಳೇ ಹಿಡಿದವು. 1960ರಲ್ಲಿ ಅಮೆರಿಕದ ರಾಬರ್ಟ್ ಕ್ರೇನ್ ಪ್ರಾಗ್ ನಗರದ ಸಮಾವೇಶವೊಂದರಲ್ಲಿ, ಕರುಳಿನ ಜೀವಕೋಶವು ಸಕ್ಕರೆ ಮತ್ತು ಸೋಡಿಯಂ ಎರಡನ್ನೂ ಒಟ್ಟಾಗಿ ಒಳಕ್ಕೆ ಸೆಳೆದುಕೊಳ್ಳುತ್ತದೆ ಎಂಬ ತತ್ತ್ವವನ್ನು ಮಂಡಿಸಿದನು. ಬರಿಯ ಉಪ್ಪುನೀರು ಕಾಲರಾ ರೋಗಿಯ ಕರುಳಿನಲ್ಲಿ ನಿಲ್ಲದೆ ಹೊರಟುಹೋಗುತ್ತದೆ. ಜತೆಗಾರನಿಲ್ಲದೆ ಬಂದವನನ್ನು ಒಳಗೆ ಬಿಡದ ಬಾಗಿಲಿನ ಹಾಗೆ, ಗ್ಲೂಕೋಸ್ ಕೂಡಿ ಬಂದಾಗ ಮಾತ್ರ ಕರುಳು ಉಪ್ಪನ್ನು ಬರಮಾಡಿಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ಬರುತ್ತದೆ. ರೋಗ ಉಲ್ಬಣಿಸಿದ್ದಾಗಲೂ ಈ ದಾರಿ ಮುಚ್ಚುವುದಿಲ್ಲ.

ಅಲ್ಲಿಂದ ಪ್ರಯೋಗಗಳು ಚುರುಕಾದರೂ ದಾರಿ ಸುಗಮವಾಗಿರಲಿಲ್ಲ. 1962ರಲ್ಲಿ ಮನಿಲಾದಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ರಾಬರ್ಟ್ ಫಿಲಿಪ್ಸ್ ನಡೆಸಿದ ಪರೀಕ್ಷೆಯಲ್ಲಿ, ಉಪ್ಪಿನ ಅಂಶ ಹೆಚ್ಚಿದ್ದ ದ್ರವವನ್ನು ಕುಡಿದ ರೋಗಿಗಳಲ್ಲಿ ಐವರು ತೀರಿಕೊಂಡರು. ಆ ಸಾವುಗಳ ನೆನಪು ಬಾಯಿಯ ಚಿಕಿತ್ಸೆಯ ಮೇಲೆ ವರ್ಷಗಟ್ಟಲೆ ಅನುಮಾನದ ನೆರಳಾಗಿ ಉಳಿಯಿತು. ಕೊನೆಗೆ 1968ರಲ್ಲಿ, ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಇಬ್ಬರು ತರುಣ ವೈದ್ಯರು, ರೋಗಿಯ ದೇಹದಿಂದ ಹೋದಷ್ಟೇ ಪ್ರಮಾಣದ ಗ್ಲೂಕೋಸ್‌–ಲವಣದ ನೀರನ್ನು ಅಳೆದು ಕುಡಿಸಿದರೆ ಸಲೈನಿನ ಅಗತ್ಯ ಶೇಕಡಾ 80ರಷ್ಟು ಇಳಿಯುತ್ತದೆ ಎಂದು 29 ರೋಗಿಗಳ ಮೇಲಿನ ಅಧ್ಯಯನದಿಂದ ತೋರಿಸಿದರು. ಹೆಚ್ಚೂಕಡಿಮೆ ಅದೇ ಕಾಲದಲ್ಲಿ ಕೋಲ್ಕತ್ತದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧನಾ ಕೇಂದ್ರದಲ್ಲಿಯೂ ನಥಾನಿಯಲ್ ಪಿಯರ್ಸ್ ಮತ್ತು ಸಂಗಡಿಗರು ಅದೇ ನಿರ್ಣಯಕ್ಕೆ ಬಂದರು. ಹೀಗೆ 1971ರ ಹೊತ್ತಿಗೆ ವಿಜ್ಞಾನ ಸಿದ್ಧವಾಗಿಯೇ ಇತ್ತು. ಇಲ್ಲದೇ ಇದ್ದದ್ದು ಧೈರ್ಯ. ಪ್ರತಿ ಲೋಟವನ್ನೂ ಅಳೆಯುವ, ಪ್ರತಿ ಗಂಟೆಗೂ ರಕ್ತ ಪರೀಕ್ಷಿಸುವ ಸಂಶೋಧನಾ ವಾರ್ಡಿನಿಂದ ಈ ನೀರನ್ನು ಹೊರಗೆ ತಂದು, ಅಕ್ಷರ ಬಾರದ ತಾಯಿಯ ಕೈಗೆ ಕೊಡಬಹುದು ಎಂದು ನಂಬುವವರು ಇನ್ನೂ ವಿರಳರಾಗಿದ್ದರು.

ಆ ಹೆಜ್ಜೆಯನ್ನು ಇಟ್ಟವರು ದಿಲೀಪ್ ಮಹಾಲನಾಬಿಸ್. 1934ರಲ್ಲಿ ಅವಿಭಜಿತ ಬಂಗಾಳದ ಕಿಶೋರ್‌ಗಂಜ್‌ನಲ್ಲಿ, ಅಂದರೆ ನಿರಾಶ್ರಿತರು ಬಿಟ್ಟುಬಂದ ನಾಡಿನಲ್ಲಿಯೇ, ಹುಟ್ಟಿದ ಅವರು ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿನಲ್ಲಿ ಮಕ್ಕಳ ವೈದ್ಯರಾಗಿ ಕೆಲಸ ಮಾಡಿ, 1960ರ ದಶಕದಲ್ಲಿ ಮರಳಿ ಬಂದು ಜಾನ್ಸ್ ಹಾಪ್‌ಕಿನ್ಸ್ ಕೇಂದ್ರವನ್ನು ಸೇರಿದ್ದರು. 1971ರ ಜೂನ್ 24ರಂದು ಅವರ ತಂಡ ಗಡಿಗೆ ಅಂಟಿಕೊಂಡಿರುವ ಬನಗಾಂವ್ ಪಟ್ಟಣದ ಆಸ್ಪತ್ರೆಯಲ್ಲಿ ಕೆಲಸ ಆರಂಭಿಸಿತು. ಕೋಲ್ಕತ್ತದಿಂದ ಜೆಸ್ಸೋರಿಗೆ ಹೋಗುವ ಹಳೆಯ ಹೆದ್ದಾರಿ ಈ ಊರಿನ ಮೂಲಕವೇ ಹಾದುಹೋಗುವುದರಿಂದ, ಗಡಿ ದಾಟಿದ ಜನರ ದೊಡ್ಡ ಪ್ರವಾಹ ಮೊದಲು ಬಂದು ನಿಲ್ಲುತ್ತಿದ್ದುದು ಇಲ್ಲಿಯೇ. ಕಾಲರಾ ರೋಗಿಗಳಿಗಾಗಿ ಆಸ್ಪತ್ರೆಯಲ್ಲಿ ಇದ್ದುದು ಎರಡು ಕೋಣೆಗಳು, ಹದಿನಾರು ಹಾಸಿಗೆಗಳು. ರೋಗಿಗಳು ನೆಲದ ಮೇಲೆ ಒಬ್ಬರಿಗೊಬ್ಬರು ತಾಗಿಕೊಂಡು ಮಲಗಿದ್ದರು. ಸೂಜಿ ಚುಚ್ಚಬೇಕಾದರೆ ವಾಂತಿ ಮತ್ತು ಭೇದಿ ಹರಡಿದ ನೆಲದಲ್ಲಿಯೇ ಮೊಣಕಾಲೂರಿ ಕೂರಬೇಕಿತ್ತೆಂದು ಮಹಾಲನಾಬಿಸ್ ಮುಂದೆ ನೆನಪಿಸಿಕೊಂಡಿದ್ದಾರೆ. ತಂಡದಲ್ಲಿ ಸಲೈನ್ ಏರಿಸಲು ತರಬೇತಿ ಪಡೆದವರು ಇಬ್ಬರೇ. ಸಲೈನ್ ಬಾಟಲಿಗಳ ದಾಸ್ತಾನು ಬರಿದಾಗುತ್ತಿತ್ತು. ಎರಡು ದಿನಗಳೊಳಗೆ, ಈ ರೀತಿಯಲ್ಲಿ ಹೋರಾಡಿದರೆ ಸೋಲು ಖಂಡಿತ ಎಂಬುದು ಅವರಿಗೆ ಮನವರಿಕೆಯಾಯಿತು.

ಹೊರಗಿನಿಂದ ನೆರವು ಬರುತ್ತಿರಲಿಲ್ಲವೆಂದಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಸದ್ರುದ್ದೀನ್ ಆಗಾ ಖಾನ್ ಅವರ ಕಚೇರಿ ಅಂತರರಾಷ್ಟ್ರೀಯ ನೆರವನ್ನು ಒಂದುಗೂಡಿಸುವ ಹೊಣೆ ಹೊತ್ತಿತ್ತು; ಕಾಲರಾ ಸುದ್ದಿ ಜಗತ್ತಿನ ಪತ್ರಿಕೆಗಳ ಮುಖಪುಟಕ್ಕೆ ಬಂದ ಮೇಲೆ ಲಸಿಕೆ, ಸಲೈನ್, ಔಷಧಗಳನ್ನು ಹೊತ್ತ ವಿಮಾನಗಳು ಕೋಲ್ಕತ್ತಕ್ಕೆ ಇಳಿದವು. ಆದರೆ ಅಂದಿನ ಕಾಲರಾ ಲಸಿಕೆ ಪಡೆದವರಲ್ಲಿ ಅರ್ಧದಷ್ಟು ಮಂದಿಗೆ, ಅದೂ ಕೆಲವೇ ತಿಂಗಳು, ರಕ್ಷಣೆ ಕೊಡುತ್ತಿತ್ತು. ಅದು ಕೆಲಸ ಆರಂಭಿಸಲು ಬೇಕಾದ ದಿನಗಳೊಳಗೆ ಸೋಂಕು ಶಿಬಿರವನ್ನೆಲ್ಲ ಸುತ್ತಿಬರುತ್ತಿತ್ತು. ಸಲೈನ್ ಬಾಟಲಿಯಾದರೋ ತೂಕದ ವಸ್ತು: ಒಂದು ಲೀಟರ್ ದ್ರವ ಸಾಗಿಸಬೇಕಾದರೆ ಒಂದು ಕಿಲೋ ನೀರನ್ನೇ ಹೊತ್ತು ತರಬೇಕು, ವಿಮಾನ ನಿಲ್ದಾಣದಿಂದ ಕೆಸರಿನ ದಾರಿಯಲ್ಲಿ ಗಾಜು ಒಡೆಯದಂತೆ ಶಿಬಿರಕ್ಕೆ ಮುಟ್ಟಿಸಬೇಕು. ಶಿಬಿರದಲ್ಲಿ ನೀರು ಇದ್ದೇ ಇರುತ್ತದೆ, ಶುದ್ಧವಲ್ಲದಿದ್ದರೂ ಶುದ್ಧ ಮಾಡಿಕೊಳ್ಳಬಹುದಾದದ್ದು. ಇಲ್ಲದ್ದು ಅದಕ್ಕೆ ಬೆರೆಸಬೇಕಾದ ಪುಡಿ.

ಮಹಾಲನಾಬಿಸ್ ತಂಡ ಆರಿಸಿಕೊಂಡ ಸೂತ್ರದಲ್ಲಿ ಮೂರೇ ವಸ್ತುಗಳಿದ್ದವು: ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಭೇದಿಯಲ್ಲಿ ಪೊಟ್ಯಾಸಿಯಂ ಕೂಡ ನಷ್ಟವಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು; ಆದರೂ ಸೂತ್ರದಲ್ಲಿ ಅದಕ್ಕೆ ಜಾಗ ಕೊಡಲಿಲ್ಲ. ಉಳಿದ ಮೂರೂ ಕೋಲ್ಕತ್ತದ ಮಾರುಕಟ್ಟೆಯಲ್ಲಿ ಬೇಕಾದಷ್ಟು ಸಿಗುತ್ತಿದ್ದ, ಅಗ್ಗದ, ನಿರಪಾಯದ ವಸ್ತುಗಳಾಗಿದ್ದವು. ಪಾಠಪುಸ್ತಕದ ಪೂರ್ಣತೆಗಿಂತ ಕೈಗೆಟುಕುವ ಸರಳತೆ ಮುಖ್ಯವೆಂದು ನಿರ್ಧರಿಸಿದ ಈ ಆಯ್ಕೆಯಲ್ಲಿ ಆ ವೈದ್ಯರ ನಿಜವಾದ ಪ್ರತಿಭೆ ಕಾಣುತ್ತದೆ. ಕೋಲ್ಕತ್ತದ ಸಂಶೋಧನಾ ಕೇಂದ್ರದ ಗ್ರಂಥಾಲಯದ ಕೋಣೆಯೇ ಕಾರ್ಖಾನೆಯಾಯಿತು. ಅಲ್ಲಿ ಪುಡಿಗಳನ್ನು ತೂಗಿ, ಪಾಲಿಥೀನ್ ಚೀಲಗಳಿಗೆ ತುಂಬಿ, ಬಾಯನ್ನು ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಮುಚ್ಚಿ, ಬಳಕೆಯ ವಿವರವಿದ್ದ ಚೀಟಿ ಸೇರಿಸಿ ಕಳುಹಿಸಲಾಗುತ್ತಿತ್ತು. ಚೀಲಗಳು ಎರಡು ಅಳತೆಯವು: ಚಿಕ್ಕದು 4 ಲೀಟರಿಗೆ, ದೊಡ್ಡದು 16 ಲೀಟರಿಗೆ. ಒಂದು ಲೀಟರಿಗೆ ತಗುಲಿದ ವೆಚ್ಚ ಸುಮಾರು 11 ಪೈಸೆ.

ಬನಗಾಂವ್‌ನಲ್ಲಿ ಈ ಪುಡಿಯನ್ನು ನಲ್ಲಿ ಕೂಡಿಸಿದ ದೊಡ್ಡ ಡ್ರಮ್ಮುಗಳ ನೀರಿನಲ್ಲಿ ಕರಗಿಸಿಡುತ್ತಿದ್ದರು. ರೋಗಿಯ ಜತೆ ಬಂದ ತಾಯಿ, ಹೆಂಡತಿ, ಅಣ್ಣ, ಅಕ್ಕ, ಯಾರಾದರೂ ಸರಿ, ಮಗ್ಗಿನಲ್ಲಿ ಹಿಡಿದು ತಂದು, ರೋಗಿ ಕುಡಿಯುವಷ್ಟೂ ಕುಡಿಸುತ್ತಿದ್ದರು. ವಾಂತಿಯಾದರೆ ಸ್ವಲ್ಪ ಹೊತ್ತು ಬಿಟ್ಟು ಗುಟುಕು ಗುಟುಕಾಗಿ ಮತ್ತೆ ಕೊಡುತ್ತಿದ್ದರು. ನಾಡಿ ಸಿಗದ ಸ್ಥಿತಿಯಲ್ಲಿ ಬಂದವರಿಗೆ ಮಾತ್ರ ಮೊದಲು ಕೆಲವು ಲೀಟರ್ ಸಲೈನ್ ಏರಿಸಿ, ಎಚ್ಚರವಾಗುತ್ತಲೇ ಡ್ರಮ್ಮಿನ ನೀರಿಗೆ ದಾಟಿಸಲಾಗುತ್ತಿತ್ತು. ಇದರಿಂದ ಇದ್ದಬಿದ್ದ ಸಲೈನೂ ತರಬೇತಾದ ಕೈಗಳೂ ತೀರ ಅಗತ್ಯವಿದ್ದವರಿಗೆ ಮೀಸಲಾದವು. ಮೊದಮೊದಲು ಜನರಿಗೂ ಸಿಬ್ಬಂದಿಗೂ ಈ ನೀರಿನ ಮೇಲೆ ನಂಬಿಕೆ ಹುಟ್ಟಲಿಲ್ಲ. ಸೂಜಿಯಿಂದ ಕೊಡುವ ಸಲೈನಿನ ಶಕ್ತಿ ಎಲ್ಲರಿಗೂ ಗೊತ್ತಿದ್ದುದರಿಂದ, ಇದೂ ಸಲೈನೇ, ಬಾಯಿಂದ ಕುಡಿಯುವ ಸಲೈನ್ ಎಂದು ತಿಳಿಹೇಳಬೇಕಾಯಿತು. ಆ ಮೇಲೆ ಕಣ್ಣೆದುರಿಗೆ ಎದ್ದು ಕುಳಿತ ರೋಗಿಗಳೇ ಉಳಿದವರನ್ನು ಒಪ್ಪಿಸಿದರು.

ಸುಮಾರು ಎರಡು ತಿಂಗಳಲ್ಲಿ ಅಲ್ಲಿ ಚಿಕಿತ್ಸೆ ಪಡೆದವರು ಹತ್ತಿರಹತ್ತಿರ 3,700 ಮಂದಿ. ಅವರಲ್ಲಿ ಸತ್ತವರು ಶೇಕಡಾ 3.6. ಇದಕ್ಕೆ ಮುನ್ನ ಶಿಬಿರಗಳಲ್ಲಿ ಕಾಲರಾ ಹಿಡಿದವರಲ್ಲಿ ಶೇಕಡಾ 30ರಷ್ಟು ಮಂದಿ ಸಾಯುತ್ತಿದ್ದರು. ಈ ಚಿಕಿತ್ಸೆಯನ್ನು ಶಿಬಿರಗಳಾಚೆಗೂ ಮುಟ್ಟಿಸುವ ಪ್ರಯತ್ನ ನಡೆಯಿತು: ಉಪ್ಪು ಮತ್ತು ಗ್ಲೂಕೋಸನ್ನು ಬೆರೆಸುವ ಬಗೆಯನ್ನು ವಿವರಿಸಿದ ಕರಪತ್ರಗಳನ್ನು ಗಡಿಯುದ್ದಕ್ಕೂ ಹಂಚಲಾಯಿತು, ಪೂರ್ವ ಪಾಕಿಸ್ತಾನದ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಬಾಂಗ್ಲಾ ಹೋರಾಟಗಾರರ ಗುಪ್ತ ರೇಡಿಯೊ ಕೇಂದ್ರದಿಂದಲೂ ಆ ವಿವರ ಬಿತ್ತರವಾಯಿತು. ಚಿತ್ತಗಾಂಗ್ ಮೂಲದ ಧೀಮನ್ ಬರುವಾ ಆಗ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಬ್ಯಾಕ್ಟೀರಿಯಾ ರೋಗಗಳ ವಿಭಾಗದಲ್ಲಿದ್ದರು. ಬನಗಾಂವ್‌ಗೆ ಬಂದು ಡ್ರಮ್ಮುಗಳನ್ನೂ ರೋಗಿಗಳನ್ನೂ ತಮ್ಮ ಕಣ್ಣಿನಿಂದ ನೋಡಿದ ಮೇಲೆ ಈ ಚಿಕಿತ್ಸೆಯ ಪರವಾಗಿ ಜಿನೀವಾದಲ್ಲಿ ಪಟ್ಟುಬಿಡದೆ ವಾದಿಸಿದವರು ಅವರೇ. ತಂಡದ ವರದಿ 1973ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ವೈದ್ಯಲೋಕದ ಅನುಮಾನ ಅದರಿಂದ ಒಮ್ಮೆಲೇ ಕರಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭೇದಿ ರೋಗಗಳ ನಿಯಂತ್ರಣಕ್ಕಾಗಿ ಜಾಗತಿಕ ಕಾರ್ಯಕ್ರಮವನ್ನು ಆರಂಭಿಸಿದ್ದು 1978ರಲ್ಲಿ. ಅದೇ ವರ್ಷ ಲ್ಯಾನ್ಸೆಟ್ ಪತ್ರಿಕೆಯ ಸಂಪಾದಕೀಯ ಈ ಚಿಕಿತ್ಸೆಯನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆಯಾಗಬಲ್ಲದೆಂದು ಬಣ್ಣಿಸಿತು. ನಡುವಿನ ಏಳು ವರ್ಷಗಳಲ್ಲಿ ನೀರಿನ ನಷ್ಟದಿಂದ ಸತ್ತ ಮಕ್ಕಳನ್ನು ನೆನೆದರೆ, ಈ ವಿಳಂಬವನ್ನು ವಿಜ್ಞಾನದ ಸಹಜ ಎಚ್ಚರಿಕೆಯೆಂದು ಮನ್ನಿಸಿ ಸುಮ್ಮನಿರುವುದು ಕಷ್ಟ.

ಶಿಬಿರಗಳ ಕಾಯಿಲೆಯೆಲ್ಲ ಕಾಲರಾವೇ ಆಗಿರಲಿಲ್ಲ. ಮಕ್ಕಳಲ್ಲಿ ಅಪೌಷ್ಟಿಕತೆ ಮಳೆಗಾಲ ಕಳೆದಂತೆ ತೀವ್ರವಾಯಿತು; ತುರಿಕಜ್ಜಿ, ಎದೆಗಟ್ಟು, ಸಾಮಾನ್ಯ ಭೇದಿ ಎಲ್ಲೆಡೆ ಇದ್ದವು. ಆ ವರ್ಷ ಕೋಲ್ಕತ್ತದಲ್ಲೆಲ್ಲ ಹರಡಿದ ಕೆಂಗಣ್ಣು ಬೇನೆಗೆ ನಗರದ ಜನರು ಹೋರಾಟಗಾರರ ಘೋಷಣೆಯಾದ ‘ಜಯ್ ಬಾಂಗ್ಲಾ’ ಎಂದೇ ಹೆಸರಿಟ್ಟರು. ಆಶ್ರಯ ಕೊಟ್ಟ ಊರಿನ ಅನುಕಂಪವೂ ಬೇಸರವೂ ಅದರಲ್ಲಿ ಬೆರೆತಿದ್ದವು.

ಗಡಿಯ ಪೂರ್ವ ಭಾಗದಲ್ಲಿ, ತ್ರಿಪುರಾದಲ್ಲಿ, ಇದೇ ತಿಂಗಳುಗಳಲ್ಲಿ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಇಂಗ್ಲೆಂಡಿನಲ್ಲಿ ಶಸ್ತ್ರಚಿಕಿತ್ಸೆಯ ಉನ್ನತ ಶಿಕ್ಷಣದಲ್ಲಿ ತೊಡಗಿದ್ದ ಜಫರುಲ್ಲಾ ಚೌಧುರಿ ಓದನ್ನು ಅರ್ಧಕ್ಕೆ ಬಿಟ್ಟು ಬಂದು, ಎಂ.ಎ. ಮೊಬಿನ್ ಎಂಬ ಇನ್ನೊಬ್ಬ ವೈದ್ಯರೊಡನೆ, ಗಾಯಗೊಂಡ ಹೋರಾಟಗಾರರಿಗೂ ನಿರಾಶ್ರಿತರಿಗೂ ಬಿದಿರು ಹುಲ್ಲಿನ ‘ಬಾಂಗ್ಲಾದೇಶ ಕ್ಷೇತ್ರ ಆಸ್ಪತ್ರೆ’ಯನ್ನು ಕಟ್ಟಿದರು, ಅದು ಬೆಳೆದು 480 ಹಾಸಿಗೆಗಳ ಆಸ್ಪತ್ರೆಯಾಯಿತು. ತರಬೇತಾದ ದಾದಿಯರು ಸಿಗದಿದ್ದಾಗ ಶಿಬಿರದ ಯುವತಿಯರಿಗೇ ಗಾಯ ತೊಳೆದು ಕಟ್ಟುವುದನ್ನೂ, ಚುಚ್ಚುಮದ್ದು ಕೊಡುವುದನ್ನೂ ಕಲಿಸಿಕೊಡಲಾಯಿತು. ವೈದ್ಯಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳು ಕೆಲವು ವಾರಗಳಲ್ಲಿ ಆ ಕೆಲಸವನ್ನು ಚೊಕ್ಕವಾಗಿ ನಿಭಾಯಿಸಿದ್ದನ್ನು ಕಂಡ ಚೌಧುರಿ, ಸ್ವಾತಂತ್ರ್ಯದ ನಂತರ 1972ರಲ್ಲಿ ಢಾಕಾದ ಹತ್ತಿರ ಸಾಭಾರ್‌ನಲ್ಲಿ ಸ್ಥಾಪಿಸಿದ ಗಣಸ್ವಾಸ್ಥ್ಯ ಕೇಂದ್ರವನ್ನು ಇಂತಹ ಗ್ರಾಮೀಣ ಕಾರ್ಯಕರ್ತೆಯರ ಮೇಲೆಯೇ ನಿಲ್ಲಿಸಿದರು. ಬಾಂಗ್ಲಾದೇಶ 1982ರಲ್ಲಿ ತಂದ ಅಗತ್ಯ ಔಷಧಗಳ ನೀತಿಯ ಹಿಂದೆ ಇದ್ದ ಮುಖ್ಯ ಪ್ರೇರಕರಲ್ಲಿಯೂ ಅವರು ಒಬ್ಬರು.

1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಗಿ ಪೂರ್ವ ಪಾಕಿಸ್ತಾನ ಬಾಂಗ್ಲಾದೇಶವಾದ ಮೇಲೆ, ಮುಂದಿನ ಕೆಲವೇ ತಿಂಗಳಲ್ಲಿ ನಿರಾಶ್ರಿತರಲ್ಲಿ ಬಹುಪಾಲು ಜನರು ಊರಿಗೆ ಮರಳಿದರು. ಹಾಗೆ ಮರಳಿದವರ ಪುನರ್ವಸತಿಗಾಗಿ ಸಿಲ್ಹೆಟ್ ಸೀಮೆಯ ಶಾಲ್ಲಾದಲ್ಲಿ ಫಜ್ಲೆ ಹಸನ್ ಆಬೆದ್ 1972ರಲ್ಲಿ ಹುಟ್ಟುಹಾಕಿದ ಬ್ರಾಕ್ ಸಂಸ್ಥೆ, ಎಂಟು ವರ್ಷಗಳ ನಂತರ, ಬನಗಾಂವ್‌ನಲ್ಲಿ ಆರಂಭವಾದ ಕೆಲಸವನ್ನು ಅದರ ಕೊನೆಯ ಮಜಲಿಗೆ ಒಯ್ದಿತು. ಪುಡಿಯ ಪೊಟ್ಟಣವನ್ನೂ ಕಾಯದೆ, ಮನೆಯಲ್ಲಿರುವ ಉಪ್ಪು ಬೆಲ್ಲದಿಂದಲೇ ಈ ನೀರನ್ನು ಮಾಡಿಕೊಳ್ಳಲು ತಾಯಂದಿರಿಗೆ ಕಲಿಸುವುದು ಅದರ ಉದ್ದೇಶ. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು: ಅಳತೆಗೆ ಸಾಧನ ತಾಯಿಯ ಕೈಯೇ. 1980ರಿಂದ 1990ರವರೆಗೆ ಬ್ರಾಕ್‌ನ ಕಾರ್ಯಕರ್ತೆಯರು 1.2 ಕೋಟಿಗೂ ಹೆಚ್ಚು ಮನೆಗಳ ಬಾಗಿಲು ತಟ್ಟಿ, ಕುಳಿತು, ಮಾಡಿ ತೋರಿಸಿ, ತಾಯಿಯಿಂದ ಮಾಡಿಸಿ ನೋಡಿದರು. ಎಷ್ಟು ಮನೆಗೆ ಹೋದರು ಎಂಬುದಕ್ಕೆ ಬದಲು, ತಾಯಂದಿರು ಎಷ್ಟು ಚೆನ್ನಾಗಿ ಕಲಿತಿದ್ದಾರೆ ಎಂಬುದನ್ನು ಇನ್ನೊಂದು ತಂಡ ಬಂದು ಪರೀಕ್ಷಿಸಿದ ಮೇಲೆ, ಅದಕ್ಕೆ ತಕ್ಕಂತೆ ಕಾರ್ಯಕರ್ತೆಯರಿಗೆ ಸಂಬಳ ಸಂದಾಯವಾಗುತ್ತಿತ್ತು. ಪರಿಹಾರ ಕಾರ್ಯದ ಚರಿತ್ರೆಯಲ್ಲಿ ಇಷ್ಟು ಪ್ರಾಮಾಣಿಕವಾದ ಲೆಕ್ಕ ಇಡುವ ಪದ್ಧತಿ ಅಪರೂಪ.

ಸಂಘರ್ಷದಿಂದ ನೆಲೆ ಕಳೆದುಕೊಂಡವರಿಗೆ ಔಷಧ ಒದಗಿಸುವ ಅಂತರರಾಷ್ಟ್ರೀಯ ವ್ಯವಸ್ಥೆಯೂ ಇದೇ ಕಾಲದಲ್ಲಿ ರೂಪ ಪಡೆಯತೊಡಗಿತು. ವಿಶ್ವ ಆರೋಗ್ಯ ಸಂಸ್ಥೆ 1977ರಲ್ಲಿ ಅಗತ್ಯ ಔಷಧಗಳ ಮೊದಲ ಪಟ್ಟಿಯನ್ನು ಪ್ರಕಟಿಸಿತು. ಅದನ್ನು ಆಧಾರವಾಗಿಟ್ಟುಕೊಂಡು, 10,000 ಜನರಿಗೆ ಮೂರು ತಿಂಗಳ ಕಾಲ ಸಾಲುವ ಔಷಧ ಮತ್ತು ಉಪಕರಣಗಳನ್ನು ಮುಂಚಿತವಾಗಿಯೇ ಪೆಟ್ಟಿಗೆಗಳಲ್ಲಿ ತುಂಬಿಟ್ಟು, ಕರೆ ಬಂದ ಕೂಡಲೇ ಕಳುಹಿಸುವ ‘ತುರ್ತು ಆರೋಗ್ಯ ಕಿಟ್’ ಎಂಬ ಪದ್ಧತಿ ಬೆಳೆಯಿತು. 1990ರಲ್ಲಿ ಪರಿಷ್ಕೃತವಾದ ಈ ಕಿಟ್‌ನಲ್ಲಿ ಎರಡು ಭಾಗಗಳಿದ್ದವು. ಮೊದಲನೆಯದು, ತಲಾ 1,000 ಜನರಿಗೆ ಒಂದರಂತೆ ಹತ್ತು ಮೂಲ ಪೆಟ್ಟಿಗೆಗಳು. ಅವುಗಳಲ್ಲಿ ನುಂಗುವ, ಕುಡಿಯುವ, ಹಚ್ಚುವ ಔಷಧಗಳಷ್ಟೇ ಇದ್ದು, ಚುಚ್ಚುಮದ್ದು ಒಂದೂ ಇರಲಿಲ್ಲ, ಏಕೆಂದರೆ ಅವು ಅಲ್ಪ ತರಬೇತಿಯ ಕಾರ್ಯಕರ್ತರ ಕೈಗೆ ಹೋಗುವಂಥವು. ಎರಡನೆಯದು ವೈದ್ಯರಿರುವ ಕಡೆಗೆ ಮಾತ್ರ ಹೋಗುವ ಪೂರಕ ಪೆಟ್ಟಿಗೆ.

ಇಂತಹ ಶಿಸ್ತು ಇಲ್ಲದಿದ್ದರೆ ಆಗುವುದೇನೆಂಬುದಕ್ಕೆ ಬೋಸ್ನಿಯಾ ಸಾಕ್ಷಿ. ಯುದ್ಧ ನಡೆದ ಮತ್ತು ಮುಗಿದ 1992ರಿಂದ 1996ರವರೆಗಿನ ಕಾಲದಲ್ಲಿ ಆ ದೇಶಕ್ಕೆ ದಾನವಾಗಿ ಬಂದ ಔಷಧಗಳಲ್ಲಿ ಅರ್ಧಕ್ಕೂ ಹೆಚ್ಚು ಕೆಲಸಕ್ಕೆ ಬಾರದವು, ಅವಧಿ ಮೀರಿದವು ಇಲ್ಲವೇ ಗುರುತೇ ಸಿಗದವು ಎಂದೂ, ಅಂಥವುಗಳ ತೂಕ ಸುಮಾರು 17,000 ಟನ್ ಎಂದೂ ನಂತರದ ಅಧ್ಯಯನವೊಂದು ಅಂದಾಜು ಮಾಡಿತು. ಅವುಗಳನ್ನು ವಿಂಗಡಿಸಿ, ಸಂಗ್ರಹಿಸಿ, ನಾಶಪಡಿಸುವ ಹೊರೆ ಯುದ್ಧದಿಂದ ನುಚ್ಚುನೂರಾದ ದೇಶದ ಮೇಲೆಯೇ ಬಿತ್ತು. 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧ ದಾನಕ್ಕೆ ಮಾರ್ಗಸೂಚಿಗಳನ್ನು ಹೊರಡಿಸಿತು.

ಆದರೆ ಸರಿಯಾದ ವಸ್ತು ಇದ್ದರೂ ಸಾಲದು ಎಂಬುದನ್ನು ಗೋಮಾ ತೋರಿಸಿತು. 1994ರ ಜುಲೈ ಮಧ್ಯದಲ್ಲಿ, ರುವಾಂಡಾದ ನರಮೇಧದ ಬೆನ್ನಿಗೇ, ಕೆಲವೇ ದಿನಗಳಲ್ಲಿ ಐದರಿಂದ ಎಂಟು ಲಕ್ಷ ಜನರು ಗಡಿ ದಾಟಿ ಅಂದಿನ ಜೈರ್ ದೇಶದ ಗೋಮಾ ಪಟ್ಟಣದ ಸುತ್ತ ಬಂದು ಬಿದ್ದರು. ಜ್ವಾಲಾಮುಖಿಯ ಲಾವಾ ಹೆಪ್ಪುಗಟ್ಟಿದ ಆ ನೆಲದಲ್ಲಿ ಬಾವಿಯನ್ನಾಗಲಿ, ಶೌಚದ ಗುಂಡಿಯನ್ನಾಗಲಿ, ಹೆಣ ಹೂಳುವ ಕುಣಿಯನ್ನಾಗಲಿ ತೋಡುವುದು ಅಸಾಧ್ಯವಾಗಿತ್ತು. ಕುಡಿಯಲು ಇದ್ದುದು ಕಿವು ಸರೋವರದ ನೀರು. ಜುಲೈ 20ರ ಹೊತ್ತಿಗೆ ಕಾಲರಾ ದೃಢಪಟ್ಟಿತು, ಅದರ ಹಿಂದೆಯೇ ರಕ್ತಭೇದಿ ಬಂದಿತು. ಮೊದಲ ತಿಂಗಳಲ್ಲಿಯೇ ಸುಮಾರು 50,000 ಮಂದಿ ಸತ್ತರು. ಬಾಯಿಯ ಮೂಲಕ ನೀರು ತುಂಬಿಸುವ ಚಿಕಿತ್ಸೆ ಆ ವೇಳೆಗೆ ಜಗತ್ತಿಗೆಲ್ಲ ಗೊತ್ತಿದ್ದರೂ, ಆರಂಭದ ದಿನಗಳಲ್ಲಿ ಚಿಕಿತ್ಸಾ ಕೇಂದ್ರಗಳನ್ನು ತಲುಪಿದವರಲ್ಲಿಯೂ ಐವರಲ್ಲೊಬ್ಬರು ಸಾಯುವಷ್ಟು ಪರಿಸ್ಥಿತಿ ಕೆಟ್ಟಿತ್ತು. ಧಾವಿಸಿ ಬಂದ ವೈದ್ಯರಲ್ಲಿ ಅನೇಕರಿಗೆ ಕಾಲರಾ ಚಿಕಿತ್ಸೆಯ ಅನುಭವವಿರಲಿಲ್ಲ, ಪುಡಿ ಕರಗಿಸಲು ಶುದ್ಧ ನೀರು ಸಾಲುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸತ್ತವರಲ್ಲಿ ಬಹುಪಾಲು ಜನರು ಯಾವ ಕೇಂದ್ರವನ್ನೂ ಮುಟ್ಟದೆ ದಾರಿಬದಿಯಲ್ಲಿ, ಗುಡಾರದಲ್ಲಿ ಸತ್ತರು. ಬನಗಾಂವ್‌ನಲ್ಲಿ ಮಗ್ಗು ಹಿಡಿದು ಡ್ರಮ್ಮಿನ ಬಳಿ ನಿಂತಿದ್ದ ತಾಯಿಗೆ ಸಮನಾದವರನ್ನು ಗೋಮಾದ ಗುಡಾರಗಳ ನಡುವೆ ಹುಡುಕಿ, ಕಲಿಸಿ, ಅಣಿಗೊಳಿಸಲು ಸಮಯವಿರಲಿಲ್ಲ.

ಆ ಪುಡಿಯ ಸೂತ್ರವೂ ಈ ನಡುವೆ ಬದಲಾಗುತ್ತಾ ಬಂದಿದೆ. 1975ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಒಪ್ಪಿದ ಪೊಟ್ಟಣಕ್ಕೆ ಪೊಟ್ಯಾಸಿಯಂ ಸೇರಿತು. ತೇವಕ್ಕೆ ಬೇಗ ಕೆಡುತ್ತಿದ್ದ ಸೋಡಾದ ಜಾಗಕ್ಕೆ 1980ರ ದಶಕದಲ್ಲಿ ಸಿಟ್ರೇಟ್ ಬಂದಿತು. 2002ರಲ್ಲಿ ಉಪ್ಪು ಮತ್ತು ಗ್ಲೂಕೋಸಿನ ಪ್ರಮಾಣವನ್ನು ತಗ್ಗಿಸಿದ ಹೊಸ ಸೂತ್ರ ಜಾರಿಯಾಗಿ, ಇಂದು ಕರ್ನಾಟಕದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಓಆರ್‌ಎಸ್ ಎಂಬ ಹೆಸರಿನಲ್ಲಿ ಹಂಚುವ ಈ ಪುಡಿಯ ಪೊಟ್ಟಣದಲ್ಲಿಯೂ ಅದೇ ಇದೆ. ಬಾಯಿಂದ ಕೊಡುವ ಕಾಲರಾ ಲಸಿಕೆಯೂ ಈಗ ಲಭ್ಯವಿದ್ದು, 2017ರಲ್ಲಿ ಮ್ಯಾನ್ಮಾರಿನಿಂದ ಓಡಿಬಂದ ರೋಹಿಂಗ್ಯಾ ಜನರಿಗಾಗಿ ಬಾಂಗ್ಲಾದೇಶದ ಕಾಕ್ಸ್ ಬಜಾರಿನ ಶಿಬಿರಗಳಿಗೆ ಅದರ 9 ಲಕ್ಷ ಡೋಸುಗಳು ಹೋದವು. ಒಂದು ಕಾಲದಲ್ಲಿ ನಿರಾಶ್ರಿತರನ್ನು ಕಳುಹಿಸಿದ್ದ ನಾಡು ಆಗ ಆಶ್ರಯ ಕೊಡುವ ನಾಡಾಗಿತ್ತು. ಮಹಾಲನಾಬಿಸ್ 2022ರ ಅಕ್ಟೋಬರಿನಲ್ಲಿ ಕೋಲ್ಕತ್ತದಲ್ಲಿ ನಿಧನರಾದರು. ಅವರ ಬದುಕಿನ ಬಹುಭಾಗದಲ್ಲಿ ಭಾರತ ಸರ್ಕಾರದಿಂದ ದೊಡ್ಡ ಗೌರವವೇನೂ ಬಂದಿರಲಿಲ್ಲ. ಪದ್ಮವಿಭೂಷಣ ಘೋಷಣೆಯಾದದ್ದು ಅವರು ತೀರಿಕೊಂಡ ಮೂರು ತಿಂಗಳ ನಂತರ, 2023ರ ಜನವರಿಯಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಭೇದಿ ರೋಗಗಳ ಹಳೆಯ ತುರ್ತು ಕಿಟ್ಟನ್ನು ಕೈಬಿಟ್ಟು, ಆಸ್ಪತ್ರೆಗೆ, ಊರ ಹೊರಗಿನ ಚಿಕ್ಕ ಚಿಕಿತ್ಸಾ ಕೇಂದ್ರಕ್ಕೆ, ಮತ್ತು ಗುಡಾರಗಳ ನಡುವಿನ ಸಮುದಾಯ ಕೇಂದ್ರಕ್ಕೆಂದು ಬೇರೆಬೇರೆ ಪೆಟ್ಟಿಗೆಗಳಿರುವ ಕಾಲರಾ ಕಿಟ್ಟನ್ನು ಜಾರಿಗೆ ತಂದಿತು. ಸಮುದಾಯ ಕೇಂದ್ರಕ್ಕೆ ಹೋಗುವ ಪೆಟ್ಟಿಗೆಯ ಕೆಲಸ ಒಂದೇ, ರೋಗ ಹಿಡಿದವರಿಗೆ ಅವರ ಗುಡಾರದ ಹತ್ತಿರದಲ್ಲಿಯೇ ನೀರು ಕುಡಿಸಲು ಆರಂಭಿಸಿ, ತೀವ್ರವಾಗಿರುವವರನ್ನು ಮುಂದಿನ ಕೇಂದ್ರಕ್ಕೆ ಕಳುಹಿಸುವುದು. ಅದನ್ನು ಶಿಬಿರದ ನಿವಾಸಿಗಳೇ, ಅಲ್ಪ ತರಬೇತಿಯ ನಂತರ, ನಡೆಸಬಲ್ಲರು.